ಸರಪಳಿ ಮುಕ್ಕಾಲು ಅಡಿ ಉದ್ದವಾಗಿದ್ದ ಬೇಸಿಗೆ

ಹೋದ ತಿಂಗಳು ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕೂರಲು ಜಾಗವಿರಲಿಲ್ಲ. ಮಸ್ಕಿ ಬರುವವರೆಗೂ ಮೇಲಿನ ಕಬ್ಬಿಣದ ಸರಳು ಹಿಡಿದು ನಿಂತೇ ಇದ್ದೆ. ಮಸ್ಕಿಯಲ್ಲಿ ಸೀಟು ಸಿಕ್ಕಿತು. ಕೂತು ಬೆವರು ಒರೆಸಿಕೊಳ್ಳಲು ಅಂಗೈಯನ್ನು ಮುಖಕ್ಕೆ ತಂದಾಗ ಆ ವಾಸನೆ ಮೂಗಿಗೆ ಹೊಡೆಯಿತು. ತುಕ್ಕು ಮತ್ತು ಬೆವರು ಕೂಡಿದ ವಾಸನೆ. ಪಕ್ಕದಲ್ಲಿದ್ದ ಹೆಣ್ಣುಮಗಳು, "ಯಾಕ್ರಿ ಯಪ್ಪಾ, ತಲಿ ತಿರಗಾಕತ್ತೈತೇನು?" ಎಂದು ನೀರಿನ ಬಾಟಲಿ ಕೊಟ್ಟಳು. ತಲೆ ತಿರುಗಿರಲಿಲ್ಲ. ಎಂಬತ್ತೆಂಟನೆಯ ಇಸವಿಯ ಬೇಸಿಗೆ ನೆನಪಾಗಿತ್ತು, ಅಷ್ಟೆ. ಆ ಬೇಸಿಗೆ ನೆನಪಾದಾಗಲೆಲ್ಲ ನನ್ನ ಮುಖ ಹಾಗೇ ಆಗುತ್ತದಂತೆ. ಮನೆಯವರೂ ಹೇಳುತ್ತಾರೆ.

ಆಗ ನಾನು ಹೊಸ ಸರ್ವೇಯರ್. ಹೊಲ ಅಳೆಯುವ ಕೆಲಸ. ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ, ಎಂಟು ತಿಂಗಳ ಅನುಭವ, ಎರಡು ಪ್ಯಾಂಟು. ನಮ್ಮ ಕೇರಿಯಲ್ಲಿ ಸರಕಾರಿ ಪಗಾರ ತಂದ ಮೊದಲಿಗ ನಾನೇ. ಅಪ್ಪ ತುರ್ವಿಹಾಳದ ಕಡೆ ನೆಲ್ಲು ಕೊಯ್ಯಲು ಕೂಲಿಗೆ ಹೋಗುತ್ತಿದ್ದವನು. ಕೆಲಸಕ್ಕೆ ಸೇರುವ ದಿನ ಬಸ್ಸು ಹತ್ತಿಸಲು ಬಂದು ಒಂದೇ ಮಾತು ಹೇಳಿದ್ದ: "ಹುಲಿಗೆಪ್ಪಾ, ಅಲ್ಲಿ ಯಾರ ಬಾಯಾಗೂ ತಪ್ಪು ಮಾಡ್ಯಾನ ಅನಿಸ್ಕೋಬ್ಯಾಡ. ಬ್ಯಾರೇದವರಿಗೆ ಒಂದು ಸರ್ತಿ ಅಂದು ಮರೀತಾರ. ನಮಗ ಹಂಗಲ್ಲ." ಆ ಮಾತನ್ನು ನಾನು ಹೆಂಡದಂತೆ ತಲೆಗೆ ಏರಿಸಿಕೊಂಡಿದ್ದೆ.

ನನಗೆ ಕೆಲಸ ಕಲಿಸುವ ಜಿಮ್ಮಾ ಅಂಬಣ್ಣನವರದು. ಕಚೇರಿಯಲ್ಲಿ ಎಲ್ಲರಿಗಿಂತ ಹಿರಿಯ ಸರ್ವೇಯರ್. ನಿಜಾಮನ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಹಳೆಯ ದಫ್ತರದ ಉರ್ದು ನಕ್ಷೆಗಳನ್ನು ನಾವು ಪಂಚಾಂಗ ನೋಡುವಂತೆ ಸರಸರ ನೋಡುತ್ತಿದ್ದರು. ಮಾತು ಮಾತ್ರ ಬಹಳ ಕಡಿಮೆ. ಮೇ ತಿಂಗಳ ಕೊನೆಗೆ ಅವರು ನನ್ನ ಮೇಲೆ ಒಂದು ವರದಿ ಬರೆಯಬೇಕಿತ್ತು. ಅದರ ಮೇಲೆಯೇ ನನ್ನ ನೌಕರಿ ಕಾಯಂ ಆಗುವುದು.

ಮೊದಲ ದಿನವೇ ಅವರು ಎರಡು ಕೆಲಸ ಮಾಡಿದ್ದರು. ಒಂದು, ನನ್ನ ಜೇಬಿನಿಂದ ರಬ್ಬರು ತೆಗೆದು ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು. "ಅಳತಿ ಪುಸ್ತಕದಾಗ ತಪ್ಪಿದ್ರ ಒಂದು ಗೀಟು ಎಳೆದು ಬಾಜೂಕ ಬರಿ. ಅಳಸಬ್ಯಾಡ. ತಪ್ಪು ಕಾಣ್ತಿರಬೇಕು" ಎಂದರು. ಇನ್ನೊಂದು, ಕಚೇರಿಯ ಮುಂದಿನ ಉದ್ದನೆಯ ಕಲ್ಲಿನ ಕಟ್ಟೆ ತೋರಿಸಿದರು. ಕಟ್ಟೆಯ ಈ ತುದಿಗೊಂದು, ಆ ತುದಿಗೊಂದು ಉಳಿಯಿಂದ ಕೊರೆದ ಗೀಟು. ಎರಡರ ನಡುವೆ ಸರಿಯಾಗಿ ಮೂವತ್ತಮೂರು ಅಡಿ, ಅಂದರೆ ಹೊಲ ಅಳೆಯುವ ಒಂದು ಕಬ್ಬಿಣದ ಸರಪಳಿಯ ಉದ್ದ. "ಹೊಲಕ್ಕ ಹೋಗೂ ಮುಂದ ಒಮ್ಮೆ ಇಲ್ಲಿ ಹಾಸಿ ನೋಡು. ಬಂದ ಮ್ಯಾಲೆ ಒಮ್ಮೆ ನೋಡು. ಕಬ್ಬಿಣ ಐತಿ, ಅದೂ ಜಗ್ಗತೈತಿ" ಎಂದರು.

ಅವರು ಆ ವಯಸ್ಸಿನಲ್ಲೂ ದಿನಾ ಎರಡು ಹೊತ್ತು ಹಾಸುತ್ತಿದ್ದರು. ನಾನು ಮುಂಜಾನೆ ಅವರು ನೋಡುವ ಹೊತ್ತಿಗೆ ಹಾಸುತ್ತಿದ್ದೆ. ಸಂಜೆಯದನ್ನು ಒಂದು ತಿಂಗಳಲ್ಲೇ ಬಿಟ್ಟುಬಿಟ್ಟೆ. ರಬ್ಬರು ಅಂಗಡಿಯಲ್ಲಿ ಇನ್ನೊಂದು ಸಿಕ್ಕಿತು.

ಬುಧವಾರ ನಾಲ್ಕು ಗಂಟೆಗೆ ಅವರ ಮೇಜಿನ ಎದುರು ನನ್ನ ಹಾಜರಿ. ಚಹಾ ತರಿಸಿ, "ಏನು ತಂದೀ?" ಎನ್ನುವರು. ನಾನು ಆ ವಾರ ಮಾಡಿದ ಅಳತೆಗಳಲ್ಲಿ ಅತ್ಯಂತ ಚೆಂದದ ನಕ್ಷೆಯನ್ನು, ಬಣ್ಣದ ಶಾಯಿಯಲ್ಲಿ ಹೊಸದಾಗಿ ತೆಗೆದು, ಅವರ ಮುಂದೆ ಇಡುವೆ. ಅವರು ಕನ್ನಡಕ ಏರಿಸಿ ನೋಡಿ, "ಛಲೋ ಐತಿ" ಎಂದು ಮಡಿಚಿ ಕೊಡುವರು. ಎರಡು ನಿಮಿಷವೂ ಹಿಡಿಯುತ್ತಿರಲಿಲ್ಲ. ನನಗಿಂತ ಮೊದಲು ಇದ್ದ ಹುಡುಗನ ಜೊತೆ ತಾಸುಗಟ್ಟಲೆ ಕೂರುತ್ತಿದ್ದರೆಂದು ಕಚೇರಿಯವರು ಹೇಳುತ್ತಿದ್ದರು. ಅವನು ದಡ್ಡನಿರಬೇಕು, ನಾನು ಜಾಣ, ಅದಕ್ಕೇ ನನಗೆ ಎರಡು ನಿಮಿಷ ಸಾಕು ಎಂದುಕೊಂಡು ಬೀಗುತ್ತಿದ್ದೆ. ಎಂಟು ತಿಂಗಳಲ್ಲಿ ಆ ಮನುಷ್ಯನಿಗೆ ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ ನಾನು. ಕೇಳಿದರೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ವರದಿ ಬರೆಯುವವರ ಮುಂದೆ ಯಾವ ಹುಚ್ಚ ಒಪ್ಪಿಕೊಳ್ಳುತ್ತಾನೆ?

ಮೇ ಎರಡನೆಯ ವಾರ ಪಾಮನಕಲ್ಲೂರಿನ ಕಡೆಯ ಒಂದು ಹಳ್ಳಿಯಲ್ಲಿ ಹದ್ದು, ಅಂದರೆ ಹೊಲದ ಗಡಿ, ಗುರುತಿಸುವ ಕೆಲಸ ಬಂತು. ಅಮರೇಗೌಡ ಎಂಬುವವರ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವಿನ ಗಡಿಯ ಕಲ್ಲು, ನಡುಗಲ್ಲು, ಕಿತ್ತುಹೋಗಿತ್ತು. ಅವರ ಪೂರ್ವಕ್ಕೆ ದುರುಗಮ್ಮನ ಹೊಲ. ಗಂಡ ಹೆಂಡತಿ ಹತ್ತು ವರ್ಷ ಕಾಲುವೆ ಊರುಗಳಲ್ಲಿ ಕೂಲಿ ಮಾಡಿ ಕೊಂಡ ನಾಲ್ಕು ಎಕರೆ ಎರೆ ಭೂಮಿ. ಹದ್ದಿನಿಂದ ಎಂಟು ಅಡಿ ಒಳಗೆ ಬಾವಿ ತೋಡಿದ್ದರು. ನೀರು ಕಂಡ ವರ್ಷವೇ ಗಂಡ ತೀರಿಕೊಂಡನಂತೆ. ಆ ಬಾವಿಯ ನೀರಿನಲ್ಲಿ ಆಕೆ ಮೆಣಸಿನ ಸಸಿ ಎಬ್ಬಿಸಿದ್ದಳು. ಸುತ್ತ ಮುತ್ತ ಎಲ್ಲೆಲ್ಲೂ ಜೋಳ ಕೊಯ್ದುಳಿದ ಕೂಳೆ, ಬಾಯಿ ಬಿಟ್ಟ ನೆಲ. ಹಸಿರೆಂದರೆ ಅದೊಂದೇ.

ಲೆಕ್ಕ ಸರಳ. ನಕ್ಷೆಯ ಪ್ರಕಾರ ಗೌಡರ ಪಶ್ಚಿಮದ ಹಳೆಯ ಕಲ್ಲಿನಿಂದ ಹದಿನಾಲ್ಕು ಸರಪಳಿಗೆ ನಡುಗಲ್ಲು. ಅಲ್ಲಿಂದ ಪೂರ್ವದ ಕಲ್ಲಿಗೆ ಹತ್ತು ಸರಪಳಿ. ಎರಡೂ ತಾಳೆಯಾದರೆ ಕೆಲಸ ಮುಗಿಯಿತು. ಆದರೆ ಶುರು ಮಾಡುವಾಗಲೇ ಸರಪಳಿಯ ಒಂದು ಕೊಂಡಿ ಪಟ್ಟನೆ ಮುರಿಯಿತು. ಸರಪಳಿ ಹಿಡಿಯುವ ಜವಾನ ಹುಸೇನಪ್ಪ, "ತಡೀರಿ ಸಾಹೇಬ" ಎಂದು ಯಾರದೋ ಬೇಲಿಯ ತಂತಿ ತಂದು ಕಟ್ಟಿದ. "ಪಕ್ಕಾ ಆತ್ರಿ" ಎಂದ. ನಾನು ಬಗ್ಗಿ ನೋಡಿ ತಲೆಯಾಡಿಸಿದೆ. ಹೊತ್ತು ಏರುತ್ತಿತ್ತು. ಇಪ್ಪತ್ತು ಮೂವತ್ತು ಜನ ಸುತ್ತ ನಿಂತಿದ್ದರು.

ಹದಿನಾಲ್ಕು ಅಳೆದು ಗೂಟ ಹೊಡೆಸಿದೆ. ಗೂಟ ಹೋಗಿ ಬಾವಿಯ ದಂಡೆಯ ಮೇಲೆಯೇ ಬಿತ್ತು; ನೀರು ಸೇದುವ ಕಡೆಯೆಲ್ಲ ಗೌಡರ ಪಾಲಿಗೆ ಹೋಯಿತು. ಜನ ಗುಜುಗುಜು ಎಂದರು. ಮುಂದೆ ಪೂರ್ವಕ್ಕೆ ಅಳೆದರೆ, ಹತ್ತು ಬರಬೇಕಾದಲ್ಲಿ ಒಂಬತ್ತೂವರೆಗೇ ಕಲ್ಲು ಬಂದುಬಿಟ್ಟಿತು. ಎಲ್ಲೋ ತಪ್ಪಿದೆ. "ತಡೀರಿ, ನಾಳೆ ಮತ್ತೆ ಅಳೀತೀನಿ" ಎನ್ನಬೇಕು. ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಯಾರೋ ಅಂದರು: "ಇವಂಗೇನು ಬರ್ತೈತಲೇ ಅಳಿಯೂದು? ಇವರ ಮಂದಿಗೆ ಹೊಲಾನ ಇಲ್ಲ." ಇನ್ಯಾರೋ ನಕ್ಕರು.

ನಾನು ಬೇವಿನ ಮರದ ಕಡೆ ತಿರುಗಿ, ಪುಸ್ತಕ ಮೊಣಕಾಲ ಮೇಲಿಟ್ಟು, ಒಂಬತ್ತೂವರೆ ಎಂದು ಬರೆದದ್ದನ್ನು ರಬ್ಬರಿನಿಂದ ಅಳಿಸಿ ಹತ್ತು ಎಂದು ಬರೆದೆ. ಪೂರ್ವದ ಕಲ್ಲೇ ಸರಿದಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ನಡುಗಲ್ಲು ಹುಗಿಸಿದೆ. ದುರುಗಮ್ಮ ಹೆಬ್ಬೆಟ್ಟು ಒತ್ತಲಿಲ್ಲ. "ನನ್ನ ಗಂಡ ಹೆಜ್ಜಿ ಎಣಿಸಿ ತೋಡ್ಯಾನ್ರಿ. ಅವ ತಪ್ಪಂಗಿಲ್ಲ" ಎಂದಳು, ಜೋರಾಗಿ ಅಲ್ಲ, ನನಗೊಬ್ಬನಿಗೇ ಕೇಳುವಂತೆ. ನಾನು, "ಸರಕಾರದ ಸರಪಳಿ ಮುಂದ ಹೆಜ್ಜಿ ನಡಿಯಂಗಿಲ್ಲಮ್ಮ" ಎಂದೆ. ಆ ಮಾತು ಆಡಿದ ಬಾಯಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನವೇ ಆಕೆ ಬಸ್ಸು ಹತ್ತಿ ಲಿಂಗಸುಗೂರಿಗೆ ಬಂದಳು. ಕಚೇರಿಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ, ಒಂದು ತುದಿಯ ಗೀಟಿನ ಪಕ್ಕದಲ್ಲೇ ಕೂತಳು. ಅರ್ಜಿ ಕೊಟ್ಟಿದ್ದಳು, ಅದು ಯಾವುದೋ ಮೇಜಿನ ಮೇಲಿತ್ತು. ಗೌಡರ ಮನೆಯವರು ಬಾವಿಯ ಹಗ್ಗ ಬಿಚ್ಚಿ ಇಟ್ಟುಕೊಂಡಿದ್ದಾರೆ, ಸಸಿಗೆ ನೀರಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಎರಡನೆಯ ದಿನವೂ ಬಂದಳು. ಮೂರನೆಯ ದಿನವೂ ಬಂದಳು. ಮಧ್ಯಾಹ್ನವಾದರೆ ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ಒಂದು ದೊಡ್ಡ ಮಳೆ ಬಿದ್ದರೆ ಗೌಡರು ಹೊಸ ಕಲ್ಲಿನ ಗುಂಟ ಒಡ್ಡು ಹಾಕಿ ಬಿತ್ತುತ್ತಾರೆ. ಬಿತ್ತಿದ ಹೊಲದಲ್ಲಿ ಸರಪಳಿ ಎಳೆಯುವಂತಿಲ್ಲ. ಮತ್ತೆ ಅಳತೆ ಎಂದರೆ ಮುಂದಿನ ಬೇಸಿಗೆ. ಅಷ್ಟರಲ್ಲಿ ಬಾವಿ ಗೌಡರದು ಎಂದು ಊರೇ ಹೇಳುವುದು ರೂಢಿಯಾಗಿಬಿಟ್ಟಿರುತ್ತದೆ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಾನು ಹಿಂದಿನ ಬಾಗಿಲಿನಿಂದ ಬರತೊಡಗಿದೆ. ಸರಪಳಿಯನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿದ್ದೆ. ಅಂಬಣ್ಣನವರು ಒಂದು ಮುಂಜಾನೆ ತಮ್ಮ ಸರಪಳಿ ಹಾಸುತ್ತ ಕೇಳಿದರು: "ನಿಂದೆಲ್ಲಿ?"

"ಆಗಲೇ ಹಾಸಿ ನೋಡೇನ್ರಿ. ಸರಿ ಐತ್ರಿ."

ಅವರು ಮೇಲೆ ನೋಡಲಿಲ್ಲ. "ಹೌದಾ" ಎಂದು ತಮ್ಮದನ್ನು ಸುತ್ತಿಕೊಂಡು ಒಳಗೆ ಹೋದರು. ಅದು ಸುಳ್ಳೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಿಡಿಯಲಿಲ್ಲ ಎಂದು ನನಗೆ ಅವರ ಮೇಲೆಯೇ ಸಿಟ್ಟು ಬಂತು. ಬುಧವಾರ ಬೇರೆ ಯಾವುದೋ ಹಳ್ಳಿಯ ನಕ್ಷೆ ಒಯ್ದೆ. "ಛಲೋ ಐತಿ" ಎಂದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಗುರುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಸೆಖೆಗೆ ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ನಾನು ಪೆಟ್ಟಿಗೆ ತೆಗೆದು ಸರಪಳಿ ಹೊರಗೆ ತಂದೆ. ದುರುಗಮ್ಮ ಕಟ್ಟೆಯ ಮೇಲೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಆಕೆ ಅಲ್ಲಿದ್ದಾಳೆಂದು ವಾಪಸು ಹೋಗಬಹುದಿತ್ತು. ಆದರೆ ಕೈಯಲ್ಲಿದ್ದ ಕಬ್ಬಿಣ ಕಾದು ಸುಡುತ್ತಿತ್ತು, ಇನ್ನು ಹೊತ್ತುಕೊಂಡು ತಿರುಗುವ ಶಕ್ತಿ ನನಗಿರಲಿಲ್ಲ. ಆ ತುದಿಯ ಗೀಟಿಗೆ ಒಂದು ಹಿಡಿಕೆಯನ್ನು ಭಾರದ ಕಲ್ಲು ಹೇರಿ ನಿಲ್ಲಿಸಿ, ಎಳೆಯುತ್ತ ಈ ತುದಿಗೆ ಬಂದೆ.

ಹಿಡಿಕೆ ಗೀಟಿನ ಮೇಲೆ ಕೂರಲಿಲ್ಲ. ಗೀಟು ದಾಟಿ ಆಕೆಯ ಪಾದದ ಹತ್ತಿರ ಬಿತ್ತು. ಗೇಣಿಗೆ ಹತ್ತಿರ ಹತ್ತಿರ, ಮುಕ್ಕಾಲು ಅಡಿ. ತಂತಿ ಕಟ್ಟಿದಲ್ಲಿ ಸರಪಳಿ ಅಷ್ಟು ಬೆಳೆದಿತ್ತು.

ದುರುಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಗೀಟನ್ನು ನೋಡಿದಳು, ಹಿಡಿಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಮೂರು ದಿನ ಅಲ್ಲೇ ಕೂತವಳು, ಬೆಳಿಗ್ಗೆ ಸಂಜೆ ಅಂಬಣ್ಣನವರು ಮಾಡುವುದನ್ನೆಲ್ಲ ಕಂಡಿದ್ದಳು.

"ಹಿರ್ಯಾರದು ಈ ಗೀಟಿಗೇ ಕುಂತಿತ್ತಲ್ರಿ" ಎಂದಳು. "ನಿಮ್ದು ಹೊರಗ ಬಿತ್ತು."

ಆಕೆ ಕೂಗಾಡಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆನೇನೋ. ಕೂಗಾಡಲಿಲ್ಲ. ತಿಳಿಯದ್ದನ್ನು ಕೇಳಿ ತಿಳಿದುಕೊಳ್ಳುವ ದನಿಯಲ್ಲಿ, "ಹಂಗಂದ್ರ ಏನ್ರಿ ಅದು?" ಎಂದು ಕೇಳಿದಳು. ಎಂಟು ತಿಂಗಳಲ್ಲಿ ನನ್ನ ಬಾಯಿಂದ ಬಾರದ ಪ್ರಶ್ನೆ.

"ನಂದು ತಪ್ಪೈತಮ್ಮ" ಎಂದೆ.

ಪುಸ್ತಕ, ಸರಪಳಿ, ಜೇಬಿನ ರಬ್ಬರು ಮೂರನ್ನೂ ಒಯ್ದು ಅಂಬಣ್ಣನವರ ಮೇಜಿನ ಮೇಲಿಟ್ಟೆ. ಅವರು ಊಟ ಮುಗಿಸಿ ಬಂದು ಕನ್ನಡಕ ಒರೆಸುತ್ತಿದ್ದರು. ಬುಧವಾರವಲ್ಲ, ನಾಲ್ಕು ಗಂಟೆಯೂ ಅಲ್ಲ. ಆದರೂ, "ಏನು ತಂದೀ?" ಎಂದರು.

ಎಲ್ಲ ಹೇಳಿದೆ. ತಂತಿ, ತಾಳೆಯಾಗದ ಅಳತೆ, ಅಳಿಸಿದ್ದು, ಸುಳ್ಳು ಹೇಳಿದ್ದು. ಅವರು ಬಯ್ಯಲಿಲ್ಲ. ಅದಕ್ಕಿಂತ ಕಷ್ಟದ ಕೆಲಸ ಮಾಡಿಸಿದರು.

"ಒಂದಕ್ಕ ಎಷ್ಟು ಉದ್ದ?"

"ಮುಕ್ಕಾಲು ಅಡಿರಿ."

"ಹದಿನಾಲ್ಕಕ್ಕ?"

"ಹತ್ತೂವರಿ ಅಡಿರಿ."

"ಬಾವಿ ಹದ್ದಿನಿಂದ ಎಷ್ಟು ಒಳಗಿತ್ತು?"

"ಎಂಟು ಅಡಿ."

ಅವರು ಪುಸ್ತಕ ಎತ್ತಿ ಬೆಳಕಿಗೆ ಹಿಡಿದರು. ಅಳಿಸಿದ ಜಾಗದಲ್ಲಿ ಕಾಗದ ತೆಳ್ಳಗಾಗಿತ್ತು. "ಸರಿ. ಈಗ ನನ್ನ ಕಡಿಂದ ಏನು ಬೇಕು ನಿನಗ?" ಎಂದರು.

ಅವರು ಹೇಗಾದರೂ ಇದನ್ನು ಸರಿ ಮಾಡಲಿ ಎಂದು ಬಂದಿದ್ದೆ. ಇನ್ನೇನು ಬೇಕೆಂದು ಯೋಚಿಸಿರಲಿಲ್ಲ.

"ತಿಳಿದಿದ್ದು ತಂದು ನನಗ ತೋರಿಸಿದ್ರ ನಾ ಏನು ಹೇಳ್ಲಿ? ಛಲೋ ಐತಿ ಅಂತೀನಿ. ಎಂಟು ತಿಂಗಳು ಅದನ್ನ ಅಂದೀನಿ. ಇವತ್ತು ಹರಕು ತಂದೀ, ಹೊಲಿಗಿ ಎಲ್ಲಿ ಹಾಕ್ಬೇಕು ಅಂತ ಕೇಳು."

ಹೊರಗೆ ಗುಡುಗಿತು. ನಾನು ಕೇಳಿದೆ: "ಅಳಿಯೂದು ಗೊತ್ತೈತ್ರಿ. ಆದ್ರ ಅಷ್ಟು ಮಂದಿ ಮುಂದ ತಪ್ಪು ಮಾಡೀನಿ ಅಂತ ಹೆಂಗ ಹೇಳಬೇಕ್ರಿ?"

ಅಂಬಣ್ಣನವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಎಂಟು ತಿಂಗಳಲ್ಲಿ ಅದೇ ಮೊದಲು. "ಕಲ್ಲಿನ ಕಡೆ ಹೋಗೂಕಿಂತ ಮೊದಲ ಗೌಡರ ಮನಿಗೆ ಹೋಗು. ಯಾರು ಕಳಕೊಳ್ತಾರ, ಅವರಿಗೆ ಮೊದಲು ಹೇಳಬೇಕು. ಊರಾಗಿನ ಮಂದಿ ಬಾಯಿಂದ ಕೇಳಬಾರದು ಅವರು. ತಂತಿ ಹಿಂಗಿತ್ತು, ಹುಸೇನಪ್ಪ ಹಂಗ ಕಟ್ಟಿದ ಅನಬ್ಯಾಡ. ನಾ ನೋಡಲಿಲ್ಲ ಅನ್ನು, ಅಷ್ಟ. ಆಮ್ಯಾಲೆ ಸುಮ್ಕಿರು. ಅವರು ಬೈತಾರ. ಬೈಯೂದು ಮುಗಿಯೂ ತನಕ ಬಾಯಿ ತೆಗೀಬ್ಯಾಡ. ಮುಗಿದ ಮ್ಯಾಲೆ, ಸರಪಳಿ ಒಂದು ತುದಿ ನೀವ ಹಿಡೀರಿ ಅನ್ನು."

"ನೀವೂ ಬರ್ತೀರೇನ್ರಿ?"

"ಬರ್ತೀನಿ. ಮಾತಾಡಂಗಿಲ್ಲ."

ಶುಕ್ರವಾರ ಮೊದಲ ಬಸ್ಸಿಗೆ ಹೋದೆವು. ಗೌಡರು ಎತ್ತಿಗೆ ಮೇವು ಹಾಕುತ್ತಿದ್ದರು. ನಾನು ಹೇಳಿದೆ. ಅವರು ಬೈದರು. ನೌಕರಿ, ಓದು, ನನ್ನನ್ನು ಕಳಿಸಿದ ಸರಕಾರ, ಎಲ್ಲಕ್ಕೂ ಸೇರಿಸಿ ಬೈದರು. "ಮೊನ್ನೆ ಒಂದು ಕಲ್ಲು, ಇವತ್ತೊಂದು ಕಲ್ಲು! ನಿನ್ನ ಮಾತು ನಂಬಿ ಆ ಹೆಣ್ಮಗಳ ಹಗ್ಗ ಬಿಚ್ಚಿಸೀನಿ. ಊರು ನನಗ ಏನಂತೈತಿ?" ಎಂದರು. ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಅಂಬಣ್ಣನವರು ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತಿದ್ದರು, ಈ ಮಾತಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ. ಒಂದು ಸಲ ತಿರುಗಿ ನೋಡಿದರೆ ಸಾಕಿತ್ತು ನನಗೆ. ನೋಡಲಿಲ್ಲ. ಗೌಡರು ಸುಸ್ತಾಗಿ ನಿಲ್ಲಿಸಿದಾಗ ಹೇಳಿದೆ: "ಗೌಡ್ರ, ಸರಪಳಿ ಒಂದು ತುದಿ ನೀವ ಹಿಡೀರಿ."

ಅವರು ಹಿಡಿದರು. ಅಂಬಣ್ಣನವರ ಸರಪಳಿ ಅದು. ಇನ್ನೊಂದು ತುದಿ ನನ್ನ ಕೈಯಲ್ಲಿ. ಅವತ್ತಿನ ಅದೇ ಜನ ಸುತ್ತ ಸೇರಿದ್ದರು. ಕತ್ತಲೆಯಂಥ ಮೋಡ ತಲೆಯ ಮೇಲೆ ಬಂದಿತ್ತು, ಗಾಳಿಗೆ ಮಣ್ಣು ಕಣ್ಣಿಗೆ ಹೊಡೆಯುತ್ತಿತ್ತು. ಹದಿನಾಲ್ಕನೆಯ ಸರಪಳಿಯ ತುದಿ ಬಾವಿಯಿಂದ ಎಂಟು ಅಡಿ ಈಚೆಗೆ ನಿಂತಿತು. ಅಲ್ಲಿಂದ ಪೂರ್ವಕ್ಕೆ ಹತ್ತು. ಹತ್ತನೆಯದರ ಹಿಡಿಕೆ ಹಳೆಯ ಕಲ್ಲಿಗೆ ಹೋಗಿ ತಾಗಿ ಟಣ್ ಎಂದಿತು. ಆ ಸದ್ದು ಎಲ್ಲರಿಗೂ ಕೇಳಿಸಿತು. ಗೌಡರು ಹಿಡಿಕೆ ಕೆಳಗಿಟ್ಟು, ಕೈ ಝಾಡಿಸಿಕೊಂಡು, "ಆಕಿ ಹಗ್ಗ ತಂದು ಕೊಡ್ರಲೇ" ಎಂದು ಮನೆಯ ಕಡೆ ನಡೆದರು. ಕಲ್ಲು ಹುಗಿದು ಮುಗಿಸುವಷ್ಟರಲ್ಲಿ ಮಳೆ ಹಿಡಿಯಿತು. ದುರುಗಮ್ಮ ತೊಯ್ಯುತ್ತಲೇ ಬಂದು ಹೆಬ್ಬೆಟ್ಟು ಒತ್ತಿದಳು. ಪುಸ್ತಕದಲ್ಲಿ ಹಳೆಯ ಅಳತೆಯ ಸಾಲಿನ ಮೇಲೆ ಒಂದು ಗೀಟು, ಪಕ್ಕದಲ್ಲಿ ಆ ದಿನದ ತಾರೀಖು ಹಾಕಿ ಹೊಸ ಅಳತೆ, ಕೆಳಗೆ ಆಕೆಯ ಬೆರಳು.

ಎಲ್ಲ ಸುಖಾಂತ್ಯವಾಯಿತು ಎಂದುಕೊಂಡೆ. ಮೇ ಕೊನೆಗೆ ವರದಿ ಬಂತು. ಅಂಬಣ್ಣನವರು ಇದ್ದದ್ದು ಇದ್ದಂತೆ ಬರೆದಿದ್ದರು: ಅಳತೆಯಲ್ಲಿ ತಪ್ಪಿದ, ಪುಸ್ತಕದಲ್ಲಿ ಅಳಿಸಿದ, ನಾಲ್ಕು ದಿನ ಮುಚ್ಚಿಟ್ಟ, ತಾನೇ ಬಂದು ಹೇಳಿ ಸರಿಪಡಿಸಿದ. ನನ್ನ ನೌಕರಿ ಕಾಯಂ ಆಗಲಿಲ್ಲ. ಇನ್ನೂ ಆರು ತಿಂಗಳು ಪ್ರೊಬೇಷನ್ ಮುಂದುವರಿಸಿದರು. ಮುಚ್ಚಿಟ್ಟ ಮಾತೊಂದನ್ನು ಅವರು ಬಿಡಬಹುದಿತ್ತು. ನನ್ನಿಂದ ತಪ್ಪು ಒಪ್ಪಿಸಿ ಬೆನ್ನಿಗೆ ಇರಿದರು ಎನಿಸಿತು. ಅಪ್ಪನಿಗೆ ಏನು ಹೇಳಲಿ ಎಂದು ಕೋಣೆಯಲ್ಲಿ ಕೂತು ಅತ್ತೆ. ಒಂದು ವಾರ ಅವರ ಮುಖ ನೋಡಲಿಲ್ಲ.

ಬುಧವಾರ ನಾಲ್ಕು ಗಂಟೆಗೆ ಅವರೇ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಎರಡು ಕಪ್ ಚಹಾ. "ಸಿಟ್ಟು ಬಂದೈತಿ ನಿನಗ. ಇರ್ಲಿ" ಎಂದು ಎದುರು ಕೂತರು. "ನಾ ಸುಳ್ಳು ಬರೆದಿದ್ರ ನನ್ನ ಖಾನ್ಯಾಗಿನ ರಬ್ಬರು ತಗೊಂಡು ನಾನ ಅಳಸಿದಂಗ ಆಗತಿತ್ತು. ಆರು ತಿಂಗಳು ಹೆಚ್ಚಿಗಿ ಸಿಕ್ಕಾವು. ಡಿಸೆಂಬರಿಗೆ ನಾ ರಿಟೈರ್. ಏನು ಕೇಳ್ತಿ, ಅಷ್ಟರಾಗ ಕೇಳಿ ಮುಗಸು."

ಸಿಟ್ಟಿನಿಂದಲೇ ಕೇಳತೊಡಗಿದೆ. ಮಳೆಗಾಲ, ಹೊರಗೆ ಅಳತೆ ಇಲ್ಲ, ದಫ್ತರದ ಕೋಣೆಯಲ್ಲಿ ಕೂತು ಕೇಳಿದೆ. ಉರ್ದು ಅಂಕಿ ಓದುವುದು ಹೇಗೆ, ಎರಡು ಕಲ್ಲೂ ಇಲ್ಲದಾಗ ಎಲ್ಲಿಂದ ಹಿಡಿಯುವುದು, ಸಿಟ್ಟಿಗೆದ್ದ ಮನುಷ್ಯನ ಹೊಲಕ್ಕೆ ಮೊದಲ ಹೆಜ್ಜೆ ಯಾವ ಕಡೆಯಿಂದ ಇಡುವುದು. ನನ್ನ ಹಳೆಯ ಪುಸ್ತಕಗಳನ್ನೆಲ್ಲ ತಂದು, ಎಲ್ಲೆಲ್ಲಿ ಅಳಿಸಿದ್ದೆನೋ ಬೆರಳಿಟ್ಟು ತೋರಿಸಿದೆ. ಎರಡು ನಿಮಿಷದ ಬುಧವಾರ ಕಚೇರಿ ಮುಚ್ಚುವ ತನಕ ನಡೆಯತೊಡಗಿತು. ನಂತರ ಮೂವತ್ತು ವರ್ಷ ನೌಕರಿ ಮಾಡಿದ್ದು ಆ ಆರು ತಿಂಗಳ ಬಂಡವಾಳದಿಂದಲೇ. ಅದಕ್ಕೂ ಮೊದಲಿನ ಎಂಟು ತಿಂಗಳು ನಾನು ಊಟದ ಎಲೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂತವನು.

ಬಸ್ಸು ಲಿಂಗಸುಗೂರು ಮುಟ್ಟಿದಾಗ ಹಳೆಯ ಕಚೇರಿಯ ಕಡೆ ಹೋದೆ. ಕಚೇರಿ ಈಗ ಅಲ್ಲಿಲ್ಲ. ಕಲ್ಲಿನ ಕಟ್ಟೆಯ ಅರ್ಧಕ್ಕೆ ಸಿಮೆಂಟು ಬಳಿದಿದ್ದಾರೆ. ಒಂದು ಗೀಟು ಮಾತ್ರ ಉಳಿದಿದೆ, ದುರುಗಮ್ಮ ಕೂತಿದ್ದ ತುದಿಯದು. ಅದರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತೆ.

ಅಂಬಣ್ಣನವರು ನಿವೃತ್ತರಾಗುವ ಹಿಂದಿನ ದಿನ ನನ್ನ ಮೇಲೆ ಎರಡನೆಯ ವರದಿ ಬರೆದರು. ಮೊದಲಿನದು ಅರ್ಧ ಪುಟವಿತ್ತು. ಇದು ಒಂದೇ ಸಾಲು. ಗುಮಾಸ್ತರು ಓದಿ, ಇಷ್ಟಕ್ಕೆ ಕಾಯಂ ಹೇಗೆ ಮಾಡುವುದು, ಇನ್ನೆರಡು ಒಳ್ಳೆಯ ಮಾತು ಸೇರಿಸಿ ಎಂದು ವಾಪಸು ಕಳಿಸಿದರು. ಅಂಬಣ್ಣನವರು ಸೇರಿಸಲಿಲ್ಲ, ಸಹಿಯನ್ನು ಮಾತ್ರ ಇನ್ನೊಮ್ಮೆ ಮಾಡಿ ಕಳಿಸಿದರು. ನಾನು ಕಾಯಂ ಆದೆ. ಆ ಸಾಲು ಹೀಗಿತ್ತು: "ಗೊತ್ತಿಲ್ಲದ್ದನ್ನು ಈಗ ಕೇಳುತ್ತಾನೆ."